ಬೇರೆಯವರು ನುಂಗಿದ ದೇಶ ಮರಳಿ ಸ್ವತಂತ್ರವಾಗಲು ಯಾವ ವಾದ ಗಟ್ಟಿ? ಎಸ್ಟೋನಿಯಾದ ಮುಂದಿದ್ದ ಮೂರು ದಾರಿಗಳು

1990ರ ಆರಂಭದಲ್ಲಿ ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ಸ್ವಾತಂತ್ರ್ಯ ಬೇಕು ಅನ್ನುವವರೇ ಎರಡು ಗುಂಪಾಗಿ ನಿಂತಿದ್ದರು. ಸೋವಿಯತ್ ಒಕ್ಕೂಟದಿಂದ ಹೊರಬರಬೇಕು ಅನ್ನುವುದರಲ್ಲಿ ಎರಡೂ ಕಡೆಯವರಿಗೆ ಒಂದೇ ಮನಸ್ಸು. ಜಗಳ ಇದ್ದದ್ದು ಒಂದು ಪದದ ಮೇಲೆ. ಸ್ವಾತಂತ್ರ್ಯವನ್ನು ಹೊಸದಾಗಿ ಘೋಷಿಸಬೇಕೋ, ಹಳೆಯದನ್ನೇ ಮರುಸ್ಥಾಪಿಸಬೇಕೋ?

ಸುಮ್ನೆ ವಕೀಲರ ಜಗ್ಗಾಟದಂತೆ ಕಾಣುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಆ ಒಂದು ಪದಕ್ಕೆ ಏನೇನು ಅಂಟಿಕೊಂಡಿದೆ ಅಂತ ನೋಡಿದೆ. ಯಾರು ಪ್ರಜೆ, ಗಡಿ ಎಲ್ಲಿ, ಸೋವಿಯತ್ ಸೈನ್ಯ ಯಾವ ಹಕ್ಕಿನ ಮೇಲೆ ಅಲ್ಲಿ ಕೂತಿದೆ, ಒಕ್ಕೂಟದ ಸಾಲದಲ್ಲಿ ಪಾಲು ಹೊರಬೇಕೇ, ಲಂಡನ್ನಿನಲ್ಲಿ ಇಟ್ಟಿದ್ದ ಚಿನ್ನ ಯಾರದ್ದು. ಪದ ಬದಲಾದರೆ ಈ ಎಲ್ಲ ಪ್ರಶ್ನೆಗಳ ಉತ್ತರವೂ ಬದಲಾಗುತ್ತದೆ.

ದೊಡ್ಡ ದೇಶವೊಂದು ನುಂಗಿದ ಸಣ್ಣ ದೇಶದ ಮುಂದೆ ಕಾನೂನಿನ ದಾರಿಗಳು ಹೆಚ್ಚುಕಡಿಮೆ ಮೂರು. ನುಂಗಿದವರ ಕಾನೂನಿನ ಪ್ರಕಾರವೇ ಬೇರೆಯಾಗುವುದು ಒಂದು. ಜನರ ಸ್ವಯಂ ನಿರ್ಣಯದ ಹಕ್ಕಿನ ಮೇಲೆ ದೇಶ ಕಟ್ಟುವುದು ಇನ್ನೊಂದು. ನಮ್ಮ ದೇಶ ಸತ್ತೇ ಇಲ್ಲ, ಇಷ್ಟು ವರ್ಷ ಅಕ್ರಮವಾಗಿ ಬೇರೆಯವರ ವಶದಲ್ಲಿತ್ತು ಅಷ್ಟೇ ಎಂದು ಸಾಧಿಸುವುದು ಮೂರನೆಯದು. ಎಸ್ಟೋನಿಯಾ ಈ ಮೂರನ್ನೂ ತೂಗಿ ನೋಡಿತು. ಹಾಗಾಗಿ ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಡತದಲ್ಲಿ ಏನಿತ್ತು

ಯಾವ ದಾರಿ ಹಿಡಿಯಬೇಕು ಅಂತ ಯೋಚಿಸುವ ಮೊದಲು ಕೈಯಲ್ಲಿ ಯಾವ ದಾಖಲೆ ಇದೆ ಅಂತ ನೋಡಬೇಕು. ಎಸ್ಟೋನಿಯಾದ ಕಡತ ಈ ವಿಷಯದಲ್ಲಿ ತುಂಬಾ ಶ್ರೀಮಂತ.

1918ರ ಫೆಬ್ರವರಿ 24ರಂದು ಅದು ಸ್ವತಂತ್ರ ಗಣರಾಜ್ಯ ಎಂದು ಸಾರಿಕೊಂಡಿತು. ಯುದ್ಧ ಮಾಡಿ ಉಳಿಸಿಕೊಂಡಿತು. 1920ರ ಫೆಬ್ರವರಿ 2ರಂದು ಟಾರ್ಟು ಊರಿನಲ್ಲಿ ಸೋವಿಯತ್ ರಷ್ಯಾ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಎಸ್ಟೋನಿಯಾದ ನೆಲದ ಮೇಲೆ, ಜನರ ಮೇಲೆ ತನಗಿದ್ದ ಎಲ್ಲ ಹಕ್ಕನ್ನೂ ತಾನಾಗಿಯೇ, ಎಂದೆಂದಿಗೂ ಬಿಟ್ಟುಕೊಡುತ್ತೇನೆ ಅಂತ ಬರೆದುಕೊಟ್ಟಿತು. ಮರುವರ್ಷ ಎಸ್ಟೋನಿಯಾ ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದ ಸದಸ್ಯ ದೇಶವಾಯಿತು. 1932ರಲ್ಲಿ ಮಾಸ್ಕೋ ಜೊತೆ ಪರಸ್ಪರ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದವೂ ಆಯಿತು. ಅದಕ್ಕೂ ಮೊದಲು, 1928ರ ಪ್ಯಾರಿಸ್ ಒಪ್ಪಂದ ಯುದ್ಧವನ್ನೇ ರಾಜ್ಯನೀತಿಯ ಸಾಧನವಾಗಿ ಬಳಸಬಾರದು ಅಂದಿತ್ತು. ಎರಡೂ ದೇಶಗಳು ಅದಕ್ಕೆ ಬದ್ಧವಾಗಿದ್ದವು.

ಆಮೇಲೆ 1939ರ ಆಗಸ್ಟ್ 23. ಹಿಟ್ಲರ್ ಮತ್ತು ಸ್ಟಾಲಿನ್ ಅವರ ವಿದೇಶಾಂಗ ಮಂತ್ರಿಗಳು ಗುಟ್ಟಿನ ಒಪ್ಪಂದದಲ್ಲಿ ಎಸ್ಟೋನಿಯಾವನ್ನು ಸೋವಿಯತ್ ಪಾಲಿಗೆ ಬರೆದರು. ಸೆಪ್ಟೆಂಬರ್ 28ರಂದು ಮಾಸ್ಕೋ ಒತ್ತಡ ಹಾಕಿ ಎಸ್ಟೋನಿಯಾದಲ್ಲಿ ಸೈನಿಕ ನೆಲೆಗಳನ್ನು ಪಡೆಯಿತು. 1940ರ ಜೂನ್ 16ರಂದು ಗಡುವಿನ ಪತ್ರ ಬಂತು, 17ರಂದು ಕೆಂಪು ಸೇನೆ ಇಡೀ ದೇಶವನ್ನು ವಶಪಡಿಸಿಕೊಂಡಿತು. ಜುಲೈ 14 ಮತ್ತು 15ರಂದು ಒಂದೇ ಪಟ್ಟಿಯ ಚುನಾವಣೆ. ವಿರೋಧಿ ಅಭ್ಯರ್ಥಿಗಳನ್ನು ಬಹುತೇಕ ಪೂರ್ತಿಯಾಗಿ ಪಟ್ಟಿಯಿಂದ ತೆಗೆದುಹಾಕಿದ್ದರು. ಹಾಗೆ ಗೆದ್ದ ಸಭೆ ನಮ್ಮನ್ನು ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿತು. ಆಗಸ್ಟ್ 6ಕ್ಕೆ ಸೇರ್ಪಡೆ ಮುಗಿಯಿತು. ಅಧ್ಯಕ್ಷ ಕಾನ್‌ಸ್ಟಾಂಟಿನ್ ಪ್ಯಾಟ್ಸ್ ಅವರನ್ನು ಅಷ್ಟರಲ್ಲೇ ರಷ್ಯಾಕ್ಕೆ ಸಾಗಿಸಿ ಆಗಿತ್ತು. ಅವರು 1956ರಲ್ಲಿ ಅಲ್ಲೇ, ಒಂದು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಲ್ಲಿ ಒಂದು ಸಣ್ಣ ವಿವರವಿದೆ, ವಕೀಲರಿಗೆ ಅದು ಚಿನ್ನದಂಥದ್ದು. ಎಸ್ಟೋನಿಯಾದ ಅಂದಿನ ಸಂವಿಧಾನದ ಪ್ರಕಾರ ಸಂಸತ್ತಿಗೆ ಎರಡು ಸದನ. ಚುನಾವಣೆ ನಡೆದದ್ದು ಕೆಳಮನೆಗೆ ಮಾತ್ರ. ಮೇಲ್ಮನೆಯನ್ನು ವಿಸರ್ಜಿಸಿ ಹಾಗೇ ಬಿಟ್ಟಿದ್ದರು. ಚುನಾವಣೆಯ ನಿಯಮಗಳನ್ನೂ ಸಂಸತ್ತನ್ನು ಕೇಳದೆ ತಿದ್ದಿದ್ದರು. ಅಂದರೆ ಅಂತರರಾಷ್ಟ್ರೀಯ ಕಾನೂನನ್ನು ಪಕ್ಕಕ್ಕಿಟ್ಟರೂ, ಎಸ್ಟೋನಿಯಾದ ಸ್ವಂತ ಕಾನೂನಿನಲ್ಲೇ ಆ ಅರ್ಜಿ ಊರ್ಜಿತವಲ್ಲ.

ಒಂದನೇ ದಾರಿ: ಮಾಸ್ಕೋ ಹಾಕಿಕೊಟ್ಟ ಬಾಗಿಲು

ಸೋವಿಯತ್ ಸಂವಿಧಾನದ 72ನೇ ವಿಧಿ ಪ್ರತಿ ಗಣರಾಜ್ಯಕ್ಕೂ ಬೇರೆಯಾಗುವ ಹಕ್ಕು ಕೊಟ್ಟಿತ್ತು. ಹೇಗೆ ಬೇರೆಯಾಗಬೇಕು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಎಸ್ಟೋನಿಯಾದಂತೆಯೇ ಒಕ್ಕೂಟದೊಳಗಿದ್ದ ಲಿಥುವೇನಿಯಾ 1990ರ ಮಾರ್ಚ್ 11ರಂದು ಹೊರಟೇಬಿಟ್ಟಾಗ ಮಾಸ್ಕೋ ಅವಸರದಲ್ಲಿ ಏಪ್ರಿಲ್ 3ರಂದು ಒಂದು ಕಾನೂನು ತಂದಿತು.

ಈ ದಾರಿಯ ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ. ರಕ್ತಪಾತ ಇಲ್ಲ, ಎದುರಾಳಿಯ ಒಪ್ಪಿಗೆ ಇದೆ. ಆದರೆ ಷರತ್ತು ಓದಿ. ಮತದಾನದ ಹಕ್ಕಿರುವ ಎಲ್ಲ ನಿವಾಸಿಗಳಲ್ಲಿ ಮೂರನೇ ಎರಡರಷ್ಟು ಜನ ಹೌದು ಅನ್ನಬೇಕು. ಬಂದು ಮತ ಹಾಕಿದವರಲ್ಲಿ ಮೂರನೇ ಎರಡು ಸಾಲದು. ಗೆದ್ದರೆ ಐದು ವರ್ಷದವರೆಗೂ ಪರಿವರ್ತನೆಯ ಅವಧಿ. ಕೊನೆಗೆ ಒಕ್ಕೂಟದ ಜನಪ್ರತಿನಿಧಿಗಳ ಮಹಾಸಭೆ ಒಪ್ಪಬೇಕು. ಸೋತರೆ ಹತ್ತು ವರ್ಷ ಮತ್ತೆ ಕೇಳುವಂತಿಲ್ಲ.

1991ರ ಮಾರ್ಚ್ 3ರಂದು ಎಸ್ಟೋನಿಯಾ ತನ್ನದೇ ಜನಮತಗಣನೆ ನಡೆಸಿತು. ಮತದಾನ ಶೇ. 82.9, ಅದರಲ್ಲಿ ಹೌದು ಅಂದವರು ಶೇ. 77.8. ಭಾರಿ ಗೆಲುವು. ಈಗ ಮಾಸ್ಕೋ ಲೆಕ್ಕ ಹಾಕಿ ನೋಡಿ: ಒಟ್ಟು ಮತದಾರರಲ್ಲಿ ಹೌದು ಅಂದವರು ಶೇ. 64.5ರ ಆಸುಪಾಸು. ಬೇಕಾದದ್ದು 66.7. ಹಾಕಿದ ನಾಲ್ಕು ಮತಗಳಲ್ಲಿ ಮೂರಕ್ಕಿಂತ ಹೆಚ್ಚು ಪಡೆದ ಸ್ವಾತಂತ್ರ್ಯ ಆ ಕಾನೂನಿನ ಮುಂದೆ ಸೋಲುತ್ತಿತ್ತು. 2001ರವರೆಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ನನ್ನ ಮಟ್ಟಿಗೆ ಅಂಕಿಗಿಂತ ದೊಡ್ಡ ತೊಂದರೆ ಬೇರೆಯೇ ಇದೆ. ಬೇರೆಯಾಗಲು ಅರ್ಜಿ ಹಾಕಿದ ಕ್ಷಣ, ನಾನು ಇಷ್ಟು ದಿನ ಕಾನೂನುಬದ್ಧವಾಗಿ ನಿಮ್ಮ ಭಾಗವಾಗಿದ್ದೆ ಅಂತ ಒಪ್ಪಿಕೊಂಡಂತೆ. ಮನೆ ಕಿತ್ತುಕೊಂಡವನ ಹತ್ತಿರ ಹೋಗಿ ಬಾಡಿಗೆ ಕರಾರು ರದ್ದು ಮಾಡಿಕೊಡಿ ಎಂದು ಕೇಳಿದ ಹಾಗೆ. 1940ರ ಮೇಲಿನ ತಕರಾರು ಅಲ್ಲಿಗೆ ಮುಗಿಯಿತು. ಎಸ್ಟೋನಿಯಾ ಈ ಬಾಗಿಲನ್ನು ಮುಟ್ಟಲಿಲ್ಲ. ಸರಿಯಾಗಿಯೇ ಮಾಡಿತು.

ಎರಡನೇ ದಾರಿ: ಜನರ ಹಕ್ಕು, ಹೊಸ ಗಣರಾಜ್ಯ

ಜನಪ್ರಿಯ ರಂಗ ಎಂಬ ಎಸ್ಟೋನಿಯಾದ ಚಳವಳಿಯಲ್ಲಿದ್ದ ಹಲವರ ಮನಸ್ಸು ಮೊದಲು ಈ ಕಡೆ ವಾಲಿತ್ತು. ಇಲ್ಲಿ ಈಗ ಬದುಕುತ್ತಿರುವ ಜನರೆಲ್ಲ ಸೇರಿ ತೀರ್ಮಾನ ಮಾಡಲಿ, ಹೊಸ ಗಣರಾಜ್ಯ ಕಟ್ಟೋಣ. ವಿಶ್ವಸಂಸ್ಥೆಯ ಸನದು, 1966ರ ಮಾನವ ಹಕ್ಕುಗಳ ಒಡಂಬಡಿಕೆಗಳು, ಎಲ್ಲವೂ ಸ್ವಯಂ ನಿರ್ಣಯದ ಹಕ್ಕನ್ನು ಎತ್ತಿ ಹಿಡಿಯುತ್ತವೆ. ಈ ದಾರಿ ಉದಾರವಾದದ್ದು, ಯಾರನ್ನೂ ಹೊರಗಿಡುವುದಿಲ್ಲ.

ಈ ದಾರಿಯಲ್ಲಿ ನಡೆದು ಗೆದ್ದ ದೇಶ ಪೂರ್ವ ತಿಮೋರ್. ಅದು ಪೋರ್ಚುಗಲ್ಲಿನ ವಸಾಹತು. 1975ರ ನವೆಂಬರ್ 28ರಂದು ಸ್ವಾತಂತ್ರ್ಯ ಘೋಷಿಸಿತು. ಒಂಬತ್ತು ದಿನಕ್ಕೆ ಇಂಡೋನೇಷ್ಯಾ ನುಗ್ಗಿತು, 1976ರ ಜುಲೈನಲ್ಲಿ ತನ್ನ 27ನೇ ಪ್ರಾಂತ್ಯ ಅಂತ ಸೇರಿಸಿಕೊಂಡಿತು. ಒಂಬತ್ತು ದಿನದ ಗಣರಾಜ್ಯಕ್ಕೆ ಹಳೆಯ ಒಪ್ಪಂದಗಳ ಕಡತ ಎಲ್ಲಿಂದ ಬರಬೇಕು? ಅದನ್ನು ಕಾಪಾಡಿದ್ದು ಇನ್ನೊಂದು ಪಟ್ಟಿ. ವಿಶ್ವಸಂಸ್ಥೆ ತನ್ನ ಸ್ವಯಮಾಡಳಿತ ಪಡೆಯದ ಪ್ರದೇಶಗಳ ಪಟ್ಟಿಯಿಂದ ಅದನ್ನು ತೆಗೆಯಲೇ ಇಲ್ಲ. ಭದ್ರತಾ ಮಂಡಳಿಯ 384 ಮತ್ತು 389ನೇ ನಿರ್ಣಯಗಳು ಇಂಡೋನೇಷ್ಯಾ ಹೊರಹೋಗಬೇಕು ಅಂದಿದ್ದವು.

ಕೋರ್ಟಿನಿಂದ ಎಷ್ಟು ನಿರೀಕ್ಷಿಸಬಹುದು ಅನ್ನುವುದನ್ನೂ ಇದೇ ಪ್ರಕರಣ ತೋರಿಸುತ್ತದೆ. ತಿಮೋರ್ ಸಮುದ್ರದ ತೈಲ ಹಂಚಿಕೊಳ್ಳಲು ಆಸ್ಟ್ರೇಲಿಯಾ 1989ರಲ್ಲಿ ಇಂಡೋನೇಷ್ಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಪೋರ್ಚುಗಲ್ ಆಸ್ಟ್ರೇಲಿಯಾ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1995ರ ಜೂನ್ 30ರ ತೀರ್ಪು: ಸ್ವಯಂ ನಿರ್ಣಯದ ಹಕ್ಕು ಇಡೀ ಜಗತ್ತು ಗೌರವಿಸಬೇಕಾದದ್ದು, ಪೂರ್ವ ತಿಮೋರ್ ಜನರಿಗೆ ಆ ಹಕ್ಕು ಇದೆ, ಆದರೆ ಇಂಡೋನೇಷ್ಯಾ ಕಕ್ಷಿಯಾಗಿಲ್ಲ, ಅದರ ನಡೆಯ ಬಗ್ಗೆ ತೀರ್ಪು ಕೊಡದೆ ಈ ಕೇಸು ನಿರ್ಧರಿಸಲು ಆಗುವುದಿಲ್ಲ. ಹಕ್ಕು ಇದೆ, ಪರಿಹಾರ ಇಲ್ಲ. ನುಂಗಿದ ದೇಶ ತಾನಾಗಿ ಒಪ್ಪಿಕೊಳ್ಳದಿದ್ದರೆ ಅದನ್ನು ಹೇಗ್‌ನ ಕಟಕಟೆಗೆ ಎಳೆಯಲು ಬರುವುದಿಲ್ಲ. ಯಾವ ದಾರಿ ಹಿಡಿದರೂ ಇದು ನೆನಪಿರಲಿ.

ಆ ತೀರ್ಪಿನಲ್ಲಿ ಬರೆದಿದ್ದ ಹಕ್ಕು ಕೊನೆಗೆ ಕೆಲಸಕ್ಕೆ ಬಂತು. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆ ನಡೆಸಿದ ಮತದಾನದಲ್ಲಿ ಶೇ. 78.5 ಜನ ಇಂಡೋನೇಷ್ಯಾದಿಂದ ಹೊರಬರುವ ಕಡೆ ನಿಂತರು. ಅದಕ್ಕೆ ಅವರು ತೆತ್ತ ಬೆಲೆ ಭಯಂಕರ. ಊರಿಗೆ ಊರೇ ಸುಟ್ಟವು. 2002ರ ಮೇ 20ರಂದು ದೇಶ ಸ್ವತಂತ್ರವಾಯಿತು. ಆ ದಿನವನ್ನು ಅವರು ಸ್ವಾತಂತ್ರ್ಯ ಮರುಸ್ಥಾಪನೆಯ ದಿನ ಅಂತಲೇ ಆಚರಿಸುತ್ತಾರೆ. ಗೆದ್ದದ್ದು ಎರಡನೇ ದಾರಿಯಲ್ಲಿ, ಆದರೂ 1975ರ ಆ ಒಂಬತ್ತು ದಿನವನ್ನು ಬಿಟ್ಟುಕೊಡಲು ಅವರ ಮನಸ್ಸು ಒಪ್ಪಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ಎಸ್ಟೋನಿಯಾಕ್ಕೆ ಈ ದಾರಿ ಯಾಕೆ ಸಾಲಲಿಲ್ಲ? ಅದು ವಿಶ್ವಸಂಸ್ಥೆಯ ವಸಾಹತು ಪಟ್ಟಿಯಲ್ಲಿ ಇರಲಿಲ್ಲ. ವಸಾಹತಲ್ಲದ ಪ್ರದೇಶ ಸ್ವಯಂ ನಿರ್ಣಯ ಅಂದ ತಕ್ಷಣ ಜಗತ್ತು ಎದುರಿನ ದೇಶದ ಅಖಂಡತೆಯ ಮಾತು ತೆಗೆಯುತ್ತದೆ. ಹೊಸ ದೇಶ ಅಂದರೆ ಹೊಸ ಮಾನ್ಯತೆ, ಒಂದೊಂದೇ ರಾಜಧಾನಿಯ ಬಾಗಿಲು ತಟ್ಟಬೇಕು. ಮೇಲಾಗಿ, ಹೊಸ ದೇಶ ಸೋವಿಯತ್ ಒಕ್ಕೂಟದ ವಾರಸುದಾರರಲ್ಲಿ ಒಂದಾಗುತ್ತದೆ. ಸಾಲದಲ್ಲಿ ಪಾಲು ಬರುತ್ತದೆ, ಸೈನ್ಯದ ಮಾತು ಜಟಿಲವಾಗುತ್ತದೆ.

ಮೂರನೇ ದಾರಿ: ಸಾಯದ ದೇಶ

ಈ ವಾದ ಹೇಳಲು ಸುಲಭ. ಅನ್ಯಾಯದಿಂದ ಹಕ್ಕು ಹುಟ್ಟುವುದಿಲ್ಲ. 1940ರ ಸೇರ್ಪಡೆ ಮೊದಲ ದಿನದಿಂದಲೇ ಅನೂರ್ಜಿತ. 1918ರ ಗಣರಾಜ್ಯ ಕಾನೂನಿನ ಕಣ್ಣಲ್ಲಿ ಜೀವಂತ.

ಸಾಧಿಸುವುದು ಕಷ್ಟ. ನಮ್ಮಲ್ಲಿ ಜಮೀನಿನ ವ್ಯಾಜ್ಯ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಮೀನು ಅವನದಾಗುವುದಿಲ್ಲ, ನಿಜ. ಆದರೆ ಯಾರೂ ತಕರಾರು ತೆಗೆಯದೆ ವರ್ಷಗಟ್ಟಲೆ ಸುಮ್ಮನಿದ್ದರೆ ಅನುಭೋಗದಲ್ಲಿದ್ದವನ ಕೈ ಮೇಲಾಗುತ್ತಾ ಹೋಗುತ್ತದೆ. ದೇಶಗಳ ನಡುವೆಯೂ ಹಾಗೇ. 51 ವರ್ಷ ತಕರಾರು ಜೀವಂತವಾಗಿತ್ತು ಅಂತ ತೋರಿಸಬೇಕು.

ಎಸ್ಟೋನಿಯಾ ತೋರಿಸಿತು. 1940ರ ಜುಲೈ 23ರಂದು ಅಮೆರಿಕದ ವಿದೇಶಾಂಗ ಇಲಾಖೆಯ ಸಮ್ನರ್ ವೆಲ್ಸ್ ಈ ಕಬಳಿಕೆಯನ್ನು ಒಪ್ಪುವುದಿಲ್ಲ ಎಂದು ಹೇಳಿಕೆ ಕೊಟ್ಟರು. ಅಮೆರಿಕ ಅಲ್ಲಿಂದ 1991ರವರೆಗೆ ಆ ಮಾತಿಗೆ ನಿಂತಿತು. ನ್ಯೂಯಾರ್ಕಿನಲ್ಲಿ ಎಸ್ಟೋನಿಯಾದ ಕಾನ್ಸುಲೇಟ್ ಒಂದು ದಿನವೂ ಮುಚ್ಚಲಿಲ್ಲ. ಭೂಪಟದಲ್ಲಿ ಇಲ್ಲದ ದೇಶದ ಪಾಸ್‌ಪೋರ್ಟ್‌ಗಳನ್ನು ಆ ಕಚೇರಿ ಕೊಡುತ್ತಲೇ ಇತ್ತು. ಎರ್ನ್ಸ್ಟ್ ಯಾಕ್‌ಸನ್ ಯುದ್ಧಕ್ಕೂ ಮುಂಚೆ ಎಸ್ಟೋನಿಯಾದ ವಿದೇಶಾಂಗ ಸೇವೆಗೆ ಸೇರಿದವರು. 1965ರಿಂದ ಆ ಕಚೇರಿಯ ಮುಖ್ಯಸ್ಥರು. 1991ರಲ್ಲಿ ಅವರೇ ಅಮೆರಿಕಕ್ಕೆ ಎಸ್ಟೋನಿಯಾದ ರಾಯಭಾರಿಯಾದರು. ಒಬ್ಬ ಮನುಷ್ಯನ ನೌಕರಿಯೇ ಒಂದು ದೇಶದ ಮುಂದುವರಿಕೆಗೆ ಸಾಕ್ಷಿಯಾಯಿತು.

ಒಳಗಿನ ಎಳೆಯೂ ಇತ್ತು. 1944ರ ಸೆಪ್ಟೆಂಬರ್‌ನಲ್ಲಿ, ಯುದ್ಧದ ನಡುವೆ ದೇಶವನ್ನು ಹಿಡಿದಿದ್ದ ಜರ್ಮನ್ನರು ಹಿಂದೆ ಸರಿಯುತ್ತಿದ್ದರು, ಕೆಂಪು ಸೇನೆ ಮರಳಿ ಬರುತ್ತಿತ್ತು. ಆ ನಡುವಿನ ಕೆಲವೇ ದಿನದಲ್ಲಿ ಕೊನೆಯ ಪ್ರಧಾನಿ ಯೂರಿ ಉಲುವೊಟ್ಸ್ ಅವರು ಒಟ್ಟೋ ಟೀಫ್ ನೇತೃತ್ವದಲ್ಲಿ ಸರ್ಕಾರ ನೇಮಿಸಿದರು. ಟಾಲಿನ್‌ನ ಪಿಕ್ ಹರ್ಮನ್ ಗೋಪುರದ ಮೇಲೆ ನೀಲಿ-ಕಪ್ಪು-ಬಿಳಿ ಬಾವುಟ ಏರಿತು. ಸೆಪ್ಟೆಂಬರ್ 22ಕ್ಕೆ ನಗರ ಸೋವಿಯತ್ ವಶವಾಯಿತು. ಆ ಎಳೆ ಹಿಡಿದು 1953ರಲ್ಲಿ ಓಸ್ಲೋದಲ್ಲಿ ದೇಶಭ್ರಷ್ಟ ಸರ್ಕಾರ ರಚನೆಯಾಯಿತು. ಯಾವ ದೊಡ್ಡ ದೇಶವೂ ಅದನ್ನು ಸರ್ಕಾರ ಅಂತ ಒಪ್ಪಲಿಲ್ಲ. ಆದರೂ ಅವರು ಬಿಡಲಿಲ್ಲ.

ಎಲ್ಲರೂ ಗಟ್ಟಿಯಾಗಿ ನಿಂತರು ಅಂತಲ್ಲ. ಸ್ವೀಡನ್ 1940ರಲ್ಲೇ ತನ್ನಲ್ಲಿದ್ದ ಎಸ್ಟೋನಿಯಾದ ಚಿನ್ನವನ್ನು ಮಾಸ್ಕೋಗೆ ಒಪ್ಪಿಸಿತು. ಬ್ರಿಟನ್ ತನ್ನಲ್ಲಿದ್ದ ಬಾಲ್ಟಿಕ್ ದೇಶಗಳ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಚಿನ್ನವನ್ನು 1960ರ ದಶಕದ ಕೊನೆಗೆ ಮಾಸ್ಕೋ ಜೊತೆಗಿನ ಹಳೆ ಲೆಕ್ಕ ಚುಕ್ತಾ ಮಾಡಲು ಬಳಸಿಕೊಂಡಿತು, 1991ರ ನಂತರ ಅಷ್ಟು ಚಿನ್ನವನ್ನು ತುಂಬಿಕೊಟ್ಟಿತು. ಆಸ್ಟ್ರೇಲಿಯಾ 1974ರಲ್ಲಿ ಸೇರ್ಪಡೆಗೆ ಮಾನ್ಯತೆ ಕೊಟ್ಟು, ಸರ್ಕಾರ ಬದಲಾದ ಮೇಲೆ ಮರುವರ್ಷವೇ ಹಿಂತೆಗೆದುಕೊಂಡಿತು. ಎಳೆ ಕೆಲವು ಕಡೆ ಸವೆದಿತ್ತು, ಪೂರ್ತಿ ಕಡಿಯಲಿಲ್ಲ.

ನನಗೆ ತುಂಬಾ ಹಿಡಿಸುವುದು 1989ರಲ್ಲಿ ಶುರುವಾದ ನಾಗರಿಕರ ಸಮಿತಿಗಳ ಕೆಲಸ. ಸ್ವಯಂಸೇವಕರು ಮೇಜು ಹಾಕಿಕೊಂಡು ಕೂತು 1940ರ ಗಣರಾಜ್ಯದ ಪ್ರಜೆಗಳನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಹೆಸರು ಹೆಸರಾಗಿ ನೋಂದಾಯಿಸಿದರು. ಏಳು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ದೇಶದ ಜನಸಂಖ್ಯೆಯೇ ಸುಮಾರು 15 ಲಕ್ಷ! ಆ ಪಟ್ಟಿಯ ಮೇಲೆ 1990ರ ಫೆಬ್ರವರಿ 24ರಂದು ಎಸ್ಟೋನಿಯಾ ಕಾಂಗ್ರೆಸ್ ಎಂಬ ಸಭೆ ಚುನಾಯಿತವಾಯಿತು. ದೇಶ ಬದುಕಿದೆ ಅನ್ನುವ ವಾದಕ್ಕೆ ಅದರ ಪ್ರಜೆಗಳ ಹಾಜರಿಗಿಂತ ದೊಡ್ಡ ಸಾಕ್ಷಿ ಬೇಕೇ? ಮಾರ್ಚ್ 30ರಂದು ಸೋವಿಯತ್ ಚೌಕಟ್ಟಿನಲ್ಲೇ ಆಯ್ಕೆಯಾದ ಶಾಸನಸಭೆ ಸುಪ್ರೀಂ ಕೌನ್ಸಿಲ್ ಕೂಡ, 1940ರ ಆಕ್ರಮಣದಿಂದ ಗಣರಾಜ್ಯದ ಕಾನೂನಾತ್ಮಕ ಇರುವಿಕೆ ಕಡಿದಿಲ್ಲ ಅಂತ ಸಾರಿತು.

ಕೊನೆಗೆ ಬಂದದ್ದು ಬೆರಕೆ. 1991ರ ಆಗಸ್ಟ್ 20ರ ರಾತ್ರಿ, ಮಾಸ್ಕೋದಲ್ಲಿ ದಂಗೆ ನಡೆಯುತ್ತಿರುವಾಗ, ಸುಪ್ರೀಂ ಕೌನ್ಸಿಲ್‌ನ 69 ಸದಸ್ಯರು ಸ್ವಾತಂತ್ರ್ಯದ ಮರುಸ್ಥಾಪನೆಗೆ ಮತ ಹಾಕಿದರು. ದೇಶ ಹಳೆಯದೇ, ಸಂವಿಧಾನ ಮಾತ್ರ ಹೊಸದು. ಹೊಸ ಸಂವಿಧಾನ ಬರೆಯುವ ಸಭೆಗೆ ಅರ್ಧ ಜನ ಕೌನ್ಸಿಲ್‌ನಿಂದ, ಅರ್ಧ ಜನ ಎಸ್ಟೋನಿಯಾ ಕಾಂಗ್ರೆಸ್‌ನಿಂದ. 1938ರ ಸಂವಿಧಾನವನ್ನು ಹಾಗೇ ತರಲಿಲ್ಲ. ತರಬಾರದಿತ್ತು ಕೂಡ. ಪ್ಯಾಟ್ಸ್ 1934ರಿಂದ ಸರ್ವಾಧಿಕಾರ ನಡೆಸಿದವರು, ಆ ಸಂವಿಧಾನದಲ್ಲಿ ಅಧ್ಯಕ್ಷರಿಗೆ ಅಧಿಕಾರ ಜಾಸ್ತಿ. ದೇಶ ಮರಳಿ ಬರಬೇಕು ಅಂದರೆ ಅದರ ಕೆಟ್ಟ ಕಾಲವೂ ಬರಬೇಕು ಅಂತೇನಿಲ್ಲ.

ಫಲ ಬೇಗ ಸಿಕ್ಕಿತು. ಆಗಸ್ಟ್ 22ಕ್ಕೆ ಐಸ್‌ಲ್ಯಾಂಡ್ ಮೊದಲಿಗೆ ಮಾನ್ಯತೆ ನೀಡಿತು. ಆಗಸ್ಟ್ 27ಕ್ಕೆ ಯುರೋಪಿಯನ್ ಸಮುದಾಯ 1940ರಲ್ಲಿ ಕಳೆದುಹೋದ ಸ್ವಾತಂತ್ರ್ಯದ ಮರುಸ್ಥಾಪನೆ ಅಂತಲೇ ಹೇಳಿತು. ಸೆಪ್ಟೆಂಬರ್ 6ಕ್ಕೆ ಮಾಸ್ಕೋ ಒಪ್ಪಿತು. ಭಾರತ ಸೆಪ್ಟೆಂಬರ್ 9ಕ್ಕೆ. 17ಕ್ಕೆ ವಿಶ್ವಸಂಸ್ಥೆಯ ಸದಸ್ಯತ್ವ. ಸೋವಿಯತ್ ಸಾಲವನ್ನು ಎಸ್ಟೋನಿಯಾ ಹೊರಲಿಲ್ಲ. ರಷ್ಯಾದ ಸೈನ್ಯ 1994ರ ಆಗಸ್ಟ್ 31ಕ್ಕೆ ಹೊರಟಿತು.

ಈ ದಾರಿಯ ಬೆಲೆ

ಮೂರನೇ ದಾರಿಯನ್ನು ಹೊಗಳಿ ಸುಮ್ಮನಾದರೆ ಅದು ಅರ್ಧ ಸತ್ಯ. ದೇಶ 1940ರದ್ದೇ ಆದರೆ ಪ್ರಜೆಗಳೂ 1940ರವರೇ. ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದವರು, ಅವರ ಮಕ್ಕಳು, ಕಾನೂನಿನ ಲೆಕ್ಕದಲ್ಲಿ ವಲಸಿಗರಾದರು. 1992ರಲ್ಲಿ ನಿವಾಸಿಗಳ ಸುಮಾರು ಮೂರನೇ ಒಂದು ಭಾಗಕ್ಕೆ ಯಾವ ದೇಶದ ಪೌರತ್ವವೂ ಖಚಿತವಿರಲಿಲ್ಲ. ಟಾಲಿನ್‌ನಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋದ ಹುಡುಗಿಯೊಬ್ಬಳು ತನ್ನ ಊರಿನ ಪ್ರಜೆಯಾಗಲು ಭಾಷಾ ಪರೀಕ್ಷೆ ಬರೆಯಬೇಕಾಯಿತು. 1940ರ ತಪ್ಪು ಅವಳದ್ದಲ್ಲ.

ಈ ಬೆಲೆ ಅನಿವಾರ್ಯವಾಗಿರಲಿಲ್ಲ ಅಂತ ನಾನು ನಂಬುತ್ತೇನೆ. ಲಿಥುವೇನಿಯಾ ಕೂಡ ಮರುಸ್ಥಾಪನೆಯ ದಾರಿಯನ್ನೇ ಹಿಡಿಯಿತು. ಆದರೆ 1989ರಲ್ಲೇ ಎಲ್ಲ ಖಾಯಂ ನಿವಾಸಿಗಳಿಗೂ ಪೌರತ್ವದ ಬಾಗಿಲು ತೆರೆಯಿತು. ಅಲ್ಲಿ ಲಿಥುವೇನಿಯನ್ನರೇ ಸುಮಾರು ಶೇ. 80 ಇದ್ದರು, ಹಾಗಾಗಿ ಧೈರ್ಯ ಸುಲಭವಾಗಿತ್ತು. ಎಸ್ಟೋನಿಯಾದಲ್ಲಿ ಎಸ್ಟೋನಿಯನ್ನರು ಶೇ. 61.5 ಮಾತ್ರ. ಅವರ ಭಯ ಅರ್ಥವಾಗುತ್ತದೆ. ಆದರೂ ದಾರಿ ಒಂದೇ ಆದರೂ ಒಳಗಿನ ಆಯ್ಕೆ ಬೇರೆ ಮಾಡಬಹುದಿತ್ತು.

ಗಡಿಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಟಾರ್ಟು ಒಪ್ಪಂದದ ಗಡಿಯೊಳಗಿದ್ದ ಪೆಟ್ಸೆರಿ ಮತ್ತು ನಾರ್ವಾ ನದಿಯಾಚೆಯ ನೆಲವನ್ನು ಸ್ಟಾಲಿನ್ ಕಾಲದಲ್ಲಿ ರಷ್ಯಾಕ್ಕೆ ಸೇರಿಸಿದ್ದರು. 2005ರಲ್ಲಿ ಎರಡೂ ದೇಶ ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. ಎಸ್ಟೋನಿಯಾದ ಸಂಸತ್ತು ಅನುಮೋದಿಸುವಾಗ ಟಾರ್ಟು ಒಪ್ಪಂದದ ಹೆಸರು ಎತ್ತಿತು. ರಷ್ಯಾ ಸಹಿ ಹಿಂತೆಗೆದುಕೊಂಡಿತು.

ಹವಾಯಿಗೆ ಯಾವ ದಾರಿ?

ಹಿಂದೆ ಸ್ವತಂತ್ರ ರಾಜ್ಯವಾಗಿದ್ದು ಈಗ ಅಮೆರಿಕದ ಭಾಗವಾಗಿರುವ ಹವಾಯಿ ದ್ವೀಪಗಳ ಬಗ್ಗೆ ಓದುವವರು ಮೊದಲು ಮೂರನೇ ದಾರಿಯ ಕಡೆಗೇ ನೋಡುತ್ತಾರೆ. ಕಾರಣವೂ ಇದೆ. ಬ್ರಿಟನ್, ಫ್ರಾನ್ಸ್ 1843ರಲ್ಲೇ ಅದನ್ನು ಸ್ವತಂತ್ರ ರಾಜ್ಯ ಅಂತ ಒಪ್ಪಿದ್ದವು, ಅಮೆರಿಕದ ಜೊತೆ ಒಪ್ಪಂದಗಳಿದ್ದವು. 1893ರ ಜನವರಿ 17ರಂದು ಅಮೆರಿಕದ ನೌಕಾ ಸೈನಿಕರು ದಡಕ್ಕಿಳಿದಿದ್ದಾಗ ರಾಣಿ ಲಿಲಿಯುಒಕಲಾನಿಯವರನ್ನು ಕೆಳಗಿಳಿಸಿದರು. ಸೇರ್ಪಡೆಯ ಒಪ್ಪಂದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡು ಬೆಂಬಲ ಸಿಗಲಿಲ್ಲ. ಹಾಗಾಗಿ 1898ರ ಜುಲೈನಲ್ಲಿ ಬರೀ ಒಂದು ಜಂಟಿ ಗೊತ್ತುವಳಿ ಮಾಡಿ ಸೇರಿಸಿಕೊಂಡರು. ಪರದೇಶದ ನೆಲವನ್ನು ನಮ್ಮ ಸಂಸತ್ತಿನ ಗೊತ್ತುವಳಿಯಿಂದ ನಮ್ಮದು ಮಾಡಿಕೊಳ್ಳಬಹುದೇ? ಈ ಪ್ರಶ್ನೆಯಲ್ಲಿ ನಿಜವಾದ ತೂಕವಿದೆ. 1993ರಲ್ಲಿ ಅಮೆರಿಕದ ಕಾಂಗ್ರೆಸ್ಸೇ ಆ ಪದಚ್ಯುತಿಗೆ ಕ್ಷಮೆ ಕೇಳಿತು.

ಆದರೆ ಎಸ್ಟೋನಿಯಾದ ಕಡತದ ಪಕ್ಕ ಇಟ್ಟು ನೋಡಿ. 1898ರಲ್ಲಿ ಬಲಪ್ರಯೋಗವನ್ನು ನಿಷೇಧಿಸುವ 1928ರ ಒಪ್ಪಂದದಂಥದ್ದು ಇರಲಿಲ್ಲ. ವೆಲ್ಸ್ ಹೇಳಿಕೆಯಂಥ, ದಶಕಗಟ್ಟಲೆ ಬೇರೆ ದೇಶಗಳು ಎತ್ತಿ ಹಿಡಿದ ತಕರಾರೂ ಇಲ್ಲ. ಹವಾಯಿ ಈಗಲೂ ಸ್ವತಂತ್ರ ರಾಜ್ಯವೇ ಎಂಬ ವಾದದ ಮೇಲೆ ಹೇಗ್‌ನ ಖಾಯಂ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ನಡೆದ ಲಾರ್ಸನ್ ಪ್ರಕರಣ 2001ರಲ್ಲಿ ಮುಗಿಯಿತು. 19ನೇ ಶತಮಾನದಲ್ಲಿ ಹವಾಯಿ ಸ್ವತಂತ್ರ ರಾಜ್ಯವಾಗಿತ್ತು ಅಂತ ಪೀಠ ಹೇಳಿತು, ಅಮೆರಿಕ ಕಕ್ಷಿಯಾಗಿಲ್ಲ ಅಂತ ಅಲ್ಲಿಗೇ ನಿಲ್ಲಿಸಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆ ಕ್ಷಮಾಪಣೆಯ ಗೊತ್ತುವಳಿಯಿಂದ ರಾಜ್ಯ ಸರ್ಕಾರದ ಭೂಮಿಯ ಹಕ್ಕು ಬದಲಾಗಿಲ್ಲ ಅಂತ ಒಮ್ಮತದಿಂದ ಹೇಳಿತು.

ನಾನು ಆ ಕಡತ ಹಿಡಿದಿದ್ದರೆ ಎರಡನೇ ದಾರಿಯನ್ನು ಮುಂದಿಡುತ್ತಿದ್ದೆ. ಹವಾಯಿ 1946ರಿಂದ ವಿಶ್ವಸಂಸ್ಥೆಯ ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿತ್ತು. 1959ರಲ್ಲಿ ಅಮೆರಿಕದ ಒಂದು ರಾಜ್ಯವಾಗುವ ಬಗ್ಗೆ ಮತದಾನ ನಡೆಸಿ ಅದನ್ನು ಪಟ್ಟಿಯಿಂದ ತೆಗೆದರು. ಆ ಮತಪತ್ರದಲ್ಲಿ ಸ್ವಾತಂತ್ರ್ಯ ಅನ್ನುವ ಆಯ್ಕೆಯೇ ಇರಲಿಲ್ಲ. ಅಲ್ಲಿಂದ ಹಿಡಿದು ಹಿಂದಕ್ಕೆ ಹೋಗಬೇಕು, 1897ರವರೆಗೆ. ಆ ವರ್ಷ ಮೂಲ ಹವಾಯಿಯನ್ನರು ದ್ವೀಪದಿಂದ ದ್ವೀಪಕ್ಕೆ ಹೋಗಿ ಸೇರ್ಪಡೆ ಬೇಡ ಅಂತ ಸಹಿ ಸಂಗ್ರಹಿಸಿದ್ದರು. ಆಗ ಅವರ ಜನಸಂಖ್ಯೆ ಸುಮಾರು 40,000. ಸಹಿಗಳು 21,000ಕ್ಕೂ ಹೆಚ್ಚು. ಆ ಹಾಳೆಗಳು ಇವತ್ತೂ ವಾಷಿಂಗ್ಟನ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ.